ಮರೆವಿಗೆ ಅಳಿಯಕಟ್ಟು ಇಲ್ಲ

ನಮಸ್ಕಾರ. ನಲವತ್ತು ದಾಟಿ ಐವತ್ತರ ಆಸುಪಾಸಿನಲ್ಲಿ ಇರುವ ಕೇಳುಗರಿಗೆ ಇವತ್ತು ಒಂದೇ ವಿಷಯ ಹೇಳಲು ಬಂದಿದ್ದೇನೆ. ಬಿಪಿ ನೋಡಿಸಿಕೊಳ್ಳಿ. ಮರೆವಿನ ಕಾಯಿಲೆಗೂ ಬಿಪಿಗೂ ಏನು ಸಂಬಂಧ ಅಂತೀರಾ? ಕೇಳಿ.

ಉಡುಪಿಯ ನನ್ನ ಕ್ಲಿನಿಕ್‌ಗೆ ಕಾರ್ಕಳ ಕಡೆಯ ಒಬ್ಬರು ಬಂದಿದ್ದರು. ಪ್ರಾಯ 51. ಅಡಿಕೆ ತೋಟ ಇದೆ. ಕೂತವರೇ ಕಿಸೆಯಿಂದ ಮಡಚಿದ ರಿಪೋರ್ಟ್ ತೆಗೆದು ಮೇಜಿನ ಮೇಲೆ ಇಟ್ಟರು. ಬೆಂಗಳೂರಿನಲ್ಲಿರುವ ಮಗ ಮಾಡಿಸಿದ ಜೀನ್ ಪರೀಕ್ಷೆ. ಮರೆವಿನ ಕಾಯಿಲೆಯ ಅಪಾಯಕ್ಕೆ ಸಂಬಂಧಿಸಿದ ಎಪಿಒಇ ಅನ್ನುವ ಜೀನ್‌ನಲ್ಲಿ ಒಂದು ಇ4 ಇದೆ ಅಂತ ಬರೆದಿತ್ತು.

ಅವರ ಅಮ್ಮನಿಗೆ ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಇತ್ತು. ಗಂಜಿ ಉಂಡ ಬಟ್ಟಲು ಎದುರಿಗೇ ಇದ್ದರೂ "ನನಗೆ ಇನ್ನೂ ಊಟ ಕೊಟ್ಟಿಲ್ಲ" ಅನ್ನುತ್ತಿದ್ದರಂತೆ. ಸೋದರಮಾವನಿಗೂ ಅದೇ ಆಯಿತು. "ಡಾಕ್ಟ್ರೇ, ನಮ್ಮದು ಅಳಿಯಕಟ್ಟಿನ ಕುಟುಂಬ. ಮಾವನದ್ದು ಅಳಿಯನಿಗೆ ಬರಲೇಬೇಕಲ್ಲ" ಅಂದರು. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತಿದ್ದ ನಮ್ಮ ಕಡೆಯ ಹಳೆಯ ಪದ್ಧತಿ ಅದು. ಹೇಳುವಾಗ ಗಂಟಲು ಕಟ್ಟಿತು. ತೋಟಕ್ಕೆ ಬಂದ ಶಾಲೆಯ ಗೆಳೆಯನ ಹೆಸರು ಅರ್ಧ ಗಂಟೆ ಆದರೂ ನೆನಪಾಗಿರಲಿಲ್ಲ. ಅಷ್ಟಕ್ಕೇ ಹೆದರಿ ತೋಟದ ಕಾಗದಪತ್ರ ಮಗನಿಗೆ ಒಪ್ಪಿಸಲು ಹೊರಟಿದ್ದರು.

ಜೀನ್‌ಗೆ ಅಳಿಯಕಟ್ಟು ಗೊತ್ತಿಲ್ಲ, ಮಕ್ಕಳಕಟ್ಟೂ ಗೊತ್ತಿಲ್ಲ ಅಂದೆ. ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ. ಈ ಜೀನ್‌ನಲ್ಲಿ ಇ2, ಇ3, ಇ4 ಅಂತ ಮೂರು ಬಗೆ. ಇ4 ಒಂದಿದ್ದರೆ ಆಲ್ಝೈಮರ್ ಬರುವ ಅಪಾಯ ಎರಡು ಮೂರು ಪಟ್ಟು ಜಾಸ್ತಿ. ಎರಡಿದ್ದರೆ ಇನ್ನೂ ಜಾಸ್ತಿ. ಆದರೂ ಇ4 ಇಟ್ಟುಕೊಂಡೇ ತೊಂಬತ್ತರವರೆಗೆ ಚುರುಕಾಗಿ ಬಾಳಿದವರಿದ್ದಾರೆ. ಹೆಸರು ನಾಲಿಗೆ ತುದಿಯಲ್ಲಿ ಸಿಕ್ಕಿಕೊಳ್ಳುವುದು ಐವತ್ತರಲ್ಲಿ ಎಲ್ಲರಿಗೂ ಆಗುತ್ತದೆ. ಗೆಳೆಯನ ಹೆಸರು ಆಮೇಲೆ ಬಂತು ಅಲ್ವಾ? ಬಂತು ಅಂದರು, ಸ್ನಾನ ಮಾಡುವಾಗ.

ಆಮೇಲೆ ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿದೆ. 168/104. ಸ್ವಲ್ಪ ಹೊತ್ತು ಕೂರಿಸಿ ನೋಡಿದರೂ ಅಷ್ಟೇ. ಮಾತ್ರೆ ಮೊದಲೇ ಬರೆದುಕೊಟ್ಟಿದ್ದರಂತೆ. ತಲೆನೋವೇ ಇಲ್ಲ, ಸುಮ್ನೆ ಯಾಕೆ ಅಂತ ಎರಡು ವರ್ಷದ ಹಿಂದೆ ಬಿಟ್ಟಿದ್ದರು. ದುಡ್ಡು ಕೊಟ್ಟು ಜೀನ್ ನೋಡಿಸಿದ್ದಾರೆ, ಅದನ್ನು ಯಾರಿಗೂ ಬದಲಿಸಲು ಆಗುವುದಿಲ್ಲ. ಹತ್ತು ರೂಪಾಯಿ ಖರ್ಚಿಲ್ಲದ ಬಿಪಿ ಮತ್ತೆ ನೋಡಿಸಿಲ್ಲ! ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅವರಿಗೆ ತೋಟದ ಲೆಕ್ಕದಲ್ಲೇ ಹೇಳಿದೆ. ಪಂಪಿನ ಒತ್ತಡ ಜಾಸ್ತಿ ಆದರೆ ದಪ್ಪ ಪೈಪ್ ತಡೆದುಕೊಳ್ಳುತ್ತದೆ. ಒಡೆಯುವುದು ಮರದ ಬುಡಕ್ಕೆ ಹೋಗುವ ಸಪೂರ ಪೈಪ್. ತೋಟದ ಆ ತುದಿಯ ಮರ ಒಣಗಿದ್ದು ನಿಮಗೆ ಕಾಣುವಾಗ ತಿಂಗಳು ಕಳೆದಿರುತ್ತದೆ. ಮಿದುಳಿನ ಸಪೂರ ರಕ್ತನಾಳಗಳದ್ದೂ ಅದೇ ಪಾಡು. ಎಪ್ಪತ್ತರಲ್ಲಿ ಕಾಣುವ ಮರೆವು ಐವತ್ತರಲ್ಲೇ ಒಳಗೆ ಶುರುವಾಗಿರುತ್ತದೆ. ಆದ್ದರಿಂದ 40 ದಾಟಿದ ಮೇಲೆ ಬಿಪಿಯ ಮೇಲಿನ ಅಂಕೆ 130ರ ಒಳಗೆ ಇರಲಿ. ಅಮೆರಿಕದಲ್ಲಿ 50 ದಾಟಿದ, ಬಿಪಿ ಇರುವ 9,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಸ್ಪ್ರಿಂಟ್ ಅನ್ನುವ ಅಧ್ಯಯನ ಮಾಡಿದರು. ಮಿದುಳಿನ ಫಲಿತಾಂಶ 2019ರಲ್ಲಿ ಬಂತು. 120ರ ಒಳಗೆ ಇಳಿಸುವ ಗುರಿ ಇಟ್ಟವರಲ್ಲಿ, 140 ಸಾಕು ಅಂದವರಿಗಿಂತ, ಮರೆವಿನ ಮೊದಲ ಹಂತ ಶೇ. 19ರಷ್ಟು ಕಡಿಮೆ ಕಂಡಿತು. ಬಿಪಿ ನೋಡಿಸಿಕೊಳ್ಳಿ ಅಂತ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿ, ನಾಚಿಕೆ ಬೇಡ. ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಬೀಡಿ ಬಿಡಿ. ಗಂಜಿಗೆ ದಿನಾ ಉಪ್ಪಿನಕಾಯಿ, ಒಣಮೀನು ಬೇಡ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಇಂಥ 14 ಕಾರಣ ಕೊಟ್ಟಿದೆ. ಅವೆಲ್ಲ ಸರಿಯಾದರೆ ಮರೆವಿನ ಕಾಯಿಲೆಯಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು, ಇಲ್ಲವೇ ಮುಂದೆ ಹಾಕಬಹುದು.

ಕಾರ್ಕಳದವರು ಕಳೆದ ತಿಂಗಳು ಬಂದಿದ್ದರು. 128/80. ಈ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಹೆಂಡತಿಯ ತೋಳಿಗೆ ಜೀವನದಲ್ಲಿ ಮೊದಲ ಸಲ ಪಟ್ಟಿ ಕಟ್ಟಿದ್ದು. ಮೇಲಿನ ಅಂಕೆ 152 ಇತ್ತು. ನಮಸ್ಕಾರ.