ಪೆಟ್ಟಿಗೆ ಹಾಡಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಪೀಕರ್ ಪೆಟ್ಟಿಗೆಯಿಂದ ಬಿಚ್ಚಿದ, ಕೆಳಗಿನ ಸ್ವರಗಳನ್ನು ನುಡಿಸುವ ವೂಫರ್ ಒಂದನ್ನು ಮೇಜಿನ ಮೇಲಿಟ್ಟು ಕಛೇರಿ ಸಂಗೀತ ಹಾಕಿ ನೋಡಿ. ದನಿಯೇನೋ ಬರುತ್ತದೆ, ಆದರೆ ಮೃದಂಗದ ಎಡಭಾಗದ ಗುಮುಕಿಯೇ ಇರುವುದಿಲ್ಲ. ಅಲುಗಾಡಿ ದನಿ ಹೊರಡಿಸುವ ಅದರ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ, ಅದೇ ಹೊತ್ತಿಗೆ ಬೆನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಕೆಳಗಿನ ಸ್ವರಗಳಲ್ಲಿ ಈ ಎರಡು ಅಲೆಗಳು ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಅವುಗಳನ್ನು ಬೇರೆಯಾಗಿಡಲೆಂದೇ ಪೆಟ್ಟಿಗೆ. ಅದು ಬರೀ ಅಲಂಕಾರವಲ್ಲ, ಸ್ಪೀಕರಿನ ಅರ್ಧ ಭಾಗ.

ಅಯಸ್ಕಾಂತ, ಸುರುಳಿ, ಕಾಗದದ ಕೋನ್. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ತೋರಿಸಿದ ಈ ವ್ಯವಸ್ಥೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಪೆಟ್ಟಿಗೆಯ ಅಳತೆ ಮಾತ್ರ ಬಹಳ ಕಾಲ ಅಂದಾಜಿನ ಮೇಲೆಯೇ ನಡೆಯಿತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ ರಿಚರ್ಡ್ ಸ್ಮಾಲ್ ಅದಕ್ಕೆ ಲೆಕ್ಕ ಕೊಟ್ಟರು. ಡ್ರೈವರಿನ, ಅಂದರೆ ವೂಫರಿನಂಥ ದನಿ ಹೊರಡಿಸುವ ಭಾಗದ, ಕೆಲವು ಸಂಖ್ಯೆಗಳು ಗೊತ್ತಿದ್ದರೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು ಅನ್ನುವುದು ಕೈಗೆ ಸಿಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೆಸರಿಲ್ಲದ ವೂಫರ್ ಕೊಂಡರೆ ಆ ಸಂಖ್ಯೆಗಳನ್ನು ಯಾರು ಕೊಡುತ್ತಾರೆ? ‘ಸಾರ್, ಒಳ್ಳೆ ಬೇಸ್ ಬರುತ್ತೆ, ತಗೊಳ್ಳಿ’ ಅಂತಾರೆ, ಅಷ್ಟೇ. ಹಾಗಾಗಿ ನಾವೇ ಅಳೆಯಬೇಕು. ಒಂದು ರೆಸಿಸ್ಟರ್, ಮಲ್ಟಿಮೀಟರ್, ಬೇರೆ ಬೇರೆ ಕಂಪನದ ದನಿ ಹೊರಡಿಸುವ ಮೊಬೈಲ್ ಆಪ್, ಜೊತೆಗೊಂದು ಚಿಕ್ಕ ಆಂಪ್ಲಿಫೈಯರ್ ಇದ್ದರೆ ಸಾಕು. ಡ್ರೈವರ್ ಯಾವ ಕಂಪನದಲ್ಲಿ ತಾನಾಗಿ ಜಾಸ್ತಿ ಅಲುಗಾಡುತ್ತದೆ ಅನ್ನುವುದು ಸಿಗುತ್ತದೆ. ಆಮೇಲೆ ಕೋನಿನ ಮೇಲೆ ತೂಕ ಗೊತ್ತಿರುವ ನಾಣ್ಯಗಳನ್ನು ಅಂಟಿಸಿ ಮತ್ತೆ ಅಳೆಯುವುದು. ಭಾರ ಹೆಚ್ಚಾದಾಗ ಕಂಪನ ಎಷ್ಟು ಇಳಿಯಿತು ಅನ್ನುವುದರಿಂದ ಕೋನನ್ನು ಹಿಡಿದಿರುವ ಭಾಗದ ಬಿಗಿ ಎಷ್ಟೆಂದು ಲೆಕ್ಕ ಹಾಕಬಹುದು. ನನಗಂತೂ ಈ ಹವ್ಯಾಸದಲ್ಲಿ ಹಾಡು ಕೇಳುವುದಕ್ಕಿಂತ ಇದೇ ಹೆಚ್ಚು ಖುಷಿ.

ಇನ್ನು ಮರದ ಮಾತು. ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕೊರೆಯುತ್ತಾರೆ. ಅದು ತಂತಿಯ ಜೊತೆ ತಾನೂ ಹಾಡಬೇಕು. ಸ್ಪೀಕರ್ ಪೆಟ್ಟಿಗೆ ಇದಕ್ಕೆ ತದ್ವಿರುದ್ಧ, ಅದು ಸುಮ್ಮನಿರಬೇಕು. ಅದು ದನಿಗೂಡಿಸಿದರೆ ಎಲ್ಲ ಗಾಯಕರಿಗೂ ಒಂದೇ ಗಂಟಲು ಬಂದುಬಿಡುತ್ತದೆ. ಅದಕ್ಕೇ 18 ಮಿಲಿಮೀಟರ್ ಪ್ಲೈವುಡ್, ಒಳಗೆ ಅಡ್ಡಪಟ್ಟಿಗಳು. ಬೆರಳ ಗೆಣ್ಣಿನಿಂದ ತಟ್ಟಿದರೆ ‘ಡಂ’ ಅನ್ನಬಾರದು, ‘ಟಕ್’ ಅನ್ನಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯೂ ಒಳ್ಳೆಯದೇ. ಆದರೆ ಮಲೆನಾಡಿನ ಮಳೆಗೆ ಅದರ ಅಂಚು ಉಬ್ಬುತ್ತದೆ. ಅಲ್ಲಿನವರು ಪ್ಲೈವುಡ್ಡನ್ನೇ ನಂಬಿ.

ತೇವ ಇನ್ನೊಂದನ್ನೂ ತಿನ್ನುತ್ತದೆ. ಹಳೆಯ ವೂಫರುಗಳ ಕೋನಿನ ಸುತ್ತ ಇರುವ ಫೋಮಿನ ಉಂಗುರ ಕೆಲವು ವರ್ಷಕ್ಕೆ ಪುಡಿಯಾಗಿ ಉದುರುತ್ತದೆ. ಡ್ರೈವರ್ ಎಸೆಯಬೇಡಿ. ಹೊಸ ಉಂಗುರ ಅಂಟಿಸಬಹುದು. ಸುರುಳಿ ನಟ್ಟ ನಡುವೆ ನಿಲ್ಲಲು ಹಳೆಯ ಎಕ್ಸ್‌ರೇ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸುತ್ತಲೂ ಸಿಕ್ಕಿಸಿ, ಅಂಟು ಒಣಗಿದ ಮೇಲೆ ಎಳೆದುಬಿಡಿ.

ವೂಫರಿಗೂ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರಿಗೂ ಸ್ವರ ಹಂಚುವುದು ಕ್ರಾಸ್‌ಓವರ್. 8 ಓಮ್ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಮಾರು 4,200 ಹರ್ಟ್ಸ್‌ಗಿಂತ ಕೆಳಗಿನದು ಇಳಿಯುತ್ತಾ ಹೋಗುತ್ತದೆ. ಅದಕ್ಕೊಂದು ಕಾಯಿಲ್ ಸೇರಿಸಿದರೆ ಇಳಿತ ಇನ್ನೂ ಕಡಿದಾಗುತ್ತದೆ. ಎರಡೂ ಕಡೆ ಇಂಥ ಫಿಲ್ಟರ್ ಹಾಕಿದರೆ, ಸ್ವರ ಕೈ ಬದಲಾಗುವ ಜಾಗದಲ್ಲಿ ವೂಫರ್ ಮುಂದಕ್ಕೆ ಬಂದಾಗ ಟ್ವೀಟರ್ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಟ್ವೀಟರಿನ ಪ್ಲಸ್ಸು, ಮೈನಸ್ಸು ಅದಲು ಬದಲು ಮಾಡುವುದು. ನೋಡಿದವರು ‘ವೈರು ಉಲ್ಟಾ ಆಗಿದೆ’ ಅಂದರೆ ನಕ್ಕು ಸುಮ್ಮನಾಗಿ. ಹಳೆಯ ಸೆಟ್ಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ. ಅವನ್ನು ತೆಗೆದು ಫಿಲ್ಮ್ ಕೆಪಾಸಿಟರ್ ಹಾಕಿದರೆ ಮಂಕಾಗಿದ್ದ ತಾಳದ ಸದ್ದು ಮತ್ತೆ ಕೇಳಿಸುತ್ತದೆ. ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ ಮಾತ್ರ ನನ್ನ ಲೆಕ್ಕದಲ್ಲಿ ದುಡ್ಡು ದಂಡ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಧಾರಾಳವಾಗಿ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಕೋಣೆ ತನ್ನ ಆಟ ಆಡುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ದನಿ ಅಲ್ಲಿ ಊದಿಕೊಳ್ಳುತ್ತದೆ. ಮೂಲೆಯಲ್ಲಿಟ್ಟ ಸ್ಪೀಕರ್ ಅದನ್ನು ಇನ್ನೂ ಕೆಣಕುತ್ತದೆ. ಹಾಗಾಗಿ ಹೊಸ ಡ್ರೈವರಿಗೆ ದುಡ್ಡು ಸುರಿಯುವ ಮೊದಲು ಇರುವ ಸ್ಪೀಕರನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದು ಕೇಳಿ. ನನ್ನ ಸ್ಪೀಕರುಗಳಲ್ಲಿ ಇಷ್ಟು ವರ್ಷ ಮಾಡಿದ ಬದಲಾವಣೆಗಳ ಪೈಕಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತಂದದ್ದು ಇದೇ, ಖರ್ಚೂ ಇಲ್ಲ. ಅಮ್ಮ ಮಾತ್ರ, ‘ಓಡಾಡೋ ದಾರೀಲಿ ಇದೇನಪ್ಪಾ ಕಂಬ’ ಅಂತ ಗುಡಿಸುವಾಗೆಲ್ಲ ಮತ್ತೆ ಗೋಡೆಗೆ ತಳ್ಳುತ್ತಾರೆ. ಅದಕ್ಕೇ ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಮಾಡಿದ್ದೇನೆ.

ನಮಸ್ಕಾರ.