ಇಬ್ಬರು ಟೀಚರ್, ಐದು ತರಗತಿ

ನಮಸ್ಕಾರ. ಹೋದ ತಿಂಗಳು ಹಾವೇರಿ ಕಡೆ ತಂಗಿಯ ಊರಿಗೆ ಹೋಗಿದ್ದೆ. ಮನೆಯಲ್ಲಿ ಸುಮ್ನೆ ಕೂತು ಬೇಜಾರಾಗಿ ಸೋದರಳಿಯ ಓದುವ ಶಾಲೆ ನೋಡೋಣ ಅಂತ ಹೊರಟೆ. ಒಂದರಿಂದ ಐದನೇ ತರಗತಿವರೆಗೆ ನಲವತ್ತು ಚಿಲ್ಲರೆ ಮಕ್ಕಳು, ಇಬ್ಬರು ಟೀಚರ್. ಅವತ್ತು ಒಬ್ಬರು ಮೀಟಿಂಗಿಗೆ ಹೋಗಿದ್ದರು. ಉಳಿದವರು ನಲಿಕಲಿ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸುವ ಪದ್ಧತಿ) ಮಕ್ಕಳಿಗೆ ಕಾರ್ಡು ಹಂಚಿ, ಪಕ್ಕದ ಕೋಣೆಗೆ ಓಡಿ ಬಂದು ನಾಲ್ಕು-ಐದರವರಿಗೆ ಭಾಗಾಕಾರದ ಲೆಕ್ಕ ಶುರು ಮಾಡುವಷ್ಟರಲ್ಲಿ ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತರು. "ಎಣ್ಣಿ ಮುಗದೈತ್ರಿ ಸರ್." ಲೆಕ್ಕ ಅಲ್ಲಿಗೇ ನಿಂತಿತು.

ತಮಾಷೆ ಅಂದರೆ, ಇಷ್ಟಾದರೂ ಟೀಚರ್ ಲೆಕ್ಕದಲ್ಲಿ ಕಾನೂನು ತಪ್ಪಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಂದು. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಅಂದರೆ ಏನೇನಿರಬೇಕು ಅನ್ನೋದು ಅಲ್ಲಿದೆ. ಕುಡಿಯುವ ನೀರು, ಹುಡುಗಿಯರಿಗೆ ಬೇರೆ ಶೌಚಾಲಯ, ಕಾಂಪೌಂಡು, ಆಟದ ಬಯಲು, ಎಲ್ಲ. ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಟೀಚರ್ ಸಾಕು ಅಂತಲೂ ಇದೆ. 61 ಆದರೆ ಮೂವರು. ಹೆಡ್‌ಮಾಸ್ತರ್ ಬೇರೆಯೇ ಬೇಕು ಅಂದರೆ 150 ಮಕ್ಕಳು ದಾಟಬೇಕು. ಅಂದರೆ ಆ ಇಬ್ಬರಲ್ಲೇ ಒಬ್ಬರು ಮೀಟಿಂಗು, ರಜಿಸ್ಟರು, ಅಕ್ಕಿ-ಬೇಳೆ ಲೆಕ್ಕ ಎಲ್ಲ ನೋಡಬೇಕು. ಆರರಿಂದ ಎಂಟಕ್ಕೆ ಮಾತ್ರ ಅದೇ ಅನುಸೂಚಿ ತರಗತಿಗೆ ಒಬ್ಬರಾದರೂ ಇರಲೇಬೇಕು ಅನ್ನುತ್ತದೆ. ಸಣ್ಣವರಿಗೆ ಬಂದಾಗ ತಲೆ ಎಣಿಸುತ್ತದೆ. ಅಕ್ಷರ ಕಲಿಯೋದು ಅಷ್ಟು ಹಗುರ ಕೆಲಸಾನಾ?

ಆರ್‌ಟಿಇ, ಅಂದರೆ ಇದೇ ಕಾಯ್ದೆ, ಅಂದ ಕೂಡಲೇ ಜನಕ್ಕೆ ನೆನಪಾಗೋದು ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇಕಡಾ 25ರ ಸೀಟು. ನಮ್ಮ ರಾಜ್ಯದಲ್ಲಿ 2019-20ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟೂ ಇಲ್ಲ. ಇರಲಿ, ಸರ್ಕಾರಿ ಶಾಲೆಗೇ ಹೋಗಲಿ, ನನಗೇನೂ ತಕರಾರಿಲ್ಲ. ಆದರೆ ಇಲ್ಲೇ ಓದು ಅಂದ ಮೇಲೆ ಇಲ್ಲಿ ಪಾಠ ನಡೀಬೇಕು, ಅಲ್ವಾ?

ತಂಗಿ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಕಾಯ್ದೆ ಪ್ರಕಾರ ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯೋದೂ ಅವರದೇ ಕೆಲಸ. ಮೂರನೇ ಟೀಚರ್ ಬೇಕು ಅಂತ ಈ ಸಲ ಠರಾವು ಬರೆಸು ಅಂದೆ.

"ಇಷ್ಟು ದಿನ ಸಹಿ ಎಲ್ಲಿ ಮಾಡೂದು ಅಂತ ಅಷ್ಟ ಕೇಳೀನಿ ಅಣ್ಣಾ," ಅಂದಳು. "ಮ್ಯಾಲ ಏನ್ ಬರದಾರ ಅಂತ ಒಮ್ಮೆನೂ ಓದಿಲ್ಲ."