ಬ್ಯಾಟರ್‌ಸಿ: ಮುಂಬೈ ಪಾರ್ಸಿಯನ್ನು ಗೆಲ್ಲಿಸಿದ ಲಂಡನ್ ಕ್ಷೇತ್ರ

ಎಲ್ಲರಿಗೂ ನಮಸ್ಕಾರ. ಬ್ರಿಟನ್ ಚುನಾವಣೆ ಅಂದ ಕೂಡಲೇ ಪ್ರಧಾನಿ ಯಾರಾದರು ಅಂತ ಕೇಳಿ ನಾವು ಸುಮ್ಮನಾಗುತ್ತೇವೆ. ಇವತ್ತು ಒಂದೇ ಒಂದು ಕ್ಷೇತ್ರ ಹಿಡಿದುಕೊಂಡು ಕೂರೋಣ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ಬ್ಯಾಟರ್‌ಸಿ. ನಾಲ್ಕು ಬಿಳಿ ಚಿಮಣಿಗಳ ಹಳೇ ವಿದ್ಯುತ್ ಸ್ಥಾವರದ ಫೋಟೊ ನೋಡಿರುತ್ತೀರಿ, ಅದೇ ಜಾಗ. ಇಲ್ಲಿ ಫಲಿತಾಂಶ ತಿರುಗಿದಾಗಲೆಲ್ಲ ಯಾರು ಮನಸ್ಸು ಬದಲಾಯಿಸಿದರು ಅಂತ ಹುಡುಕುವುದಕ್ಕಿಂತ, ಮತದಾರರ ಪಟ್ಟಿಯಲ್ಲಿ ಆಗ ಯಾರಿದ್ದರು ಅಂತ ನೋಡಿದರೆ ಬೇಗ ಉತ್ತರ ಸಿಗುತ್ತದೆ. ನನ್ನ ವಾದ ಇಷ್ಟೇ.

ಕ್ಷೇತ್ರ ಹುಟ್ಟಿದ್ದು 1885ರಲ್ಲಿ. ರೈಲ್ವೆ ಶೆಡ್ಡು, ಗ್ಯಾಸ್ ಕಾರ್ಖಾನೆ, ಕೂಲಿಕಾರರ ಸಾಲುಮನೆಗಳ ಊರು. 1892ರಲ್ಲಿ ಗೆದ್ದವರು ಜಾನ್ ಬರ್ನ್ಸ್. 1889ರ ಹಡಗುಕಟ್ಟೆ ಕಾರ್ಮಿಕರ ಮುಷ್ಕರದ ನಾಯಕ, ಕಸುಬಿನಲ್ಲಿ ಎಂಜಿನಿಯರಿಂಗ್ ಕೆಲಸಗಾರ. ಮುಂದೆ ಲಿಬರಲ್ ಕಡೆ ವಾಲಿ 1905ರಲ್ಲಿ ಮಂತ್ರಿಯಾದರು. ಸಮಾಜವಾದಿ ಗೆಳೆಯರು ಚೆನ್ನಾಗಿ ಬೈದರು. ಆದರೆ 1914ರಲ್ಲಿ ಬ್ರಿಟನ್ ಯುದ್ಧಕ್ಕೆ ಇಳಿದಾಗ ಅದೇ ಮನುಷ್ಯ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಮಂತ್ರಿಗಿರಿ ಬಿಡುವುದು ಸುಮ್ನೆ ಮಾತಲ್ಲ, ಅಲ್ವಾ?

ಈ ಊರಿನ ಸ್ಥಳೀಯ ಕೌನ್ಸಿಲ್ ಕೂಡ ಬಲು ಹಠಮಾರಿ. ಕಂಟ್ರಾಕ್ಟರಿಗೆ ಕೊಡದೆ ತನ್ನದೇ ಕೆಲಸಗಾರರಿಂದ ಬಾಡಿಗೆ ಮನೆಗಳನ್ನು ಕಟ್ಟಿಸಿತು. 1913ರಲ್ಲಿ ಜಾನ್ ಆರ್ಚರ್ ಎಂಬ ಕಪ್ಪು ವರ್ಣದ ಫೋಟೊಗ್ರಾಫರನ್ನು ಮೇಯರ್ ಮಾಡಿತು. ಅವರ ತಂದೆ ಬಾರ್ಬಡೋಸಿನವರು, ತಾಯಿ ಐರಿಷ್. ಈ ಆರ್ಚರ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ.

1918ರಲ್ಲಿ ಆಟದ ನಿಯಮವೇ ಬದಲಾಯಿತು. ಅಲ್ಲಿಯವರೆಗೆ ಎಲ್ಲ ಗಂಡಸರಿಗೂ ಓಟು ಇರಲಿಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ. ಈಗ 21 ದಾಟಿದ ಗಂಡಸರಿಗೆಲ್ಲ ಬಂತು, 30 ದಾಟಿದ ಹೆಂಗಸರಿಗೆ ಕೆಲವು ಷರತ್ತಿನ ಮೇಲೆ ಬಂತು. ಕ್ಷೇತ್ರ ಉತ್ತರ, ದಕ್ಷಿಣ ಅಂತ ಎರಡಾಯಿತು. ಬಡವರು ಜಾಸ್ತಿ ಇದ್ದದ್ದು ಉತ್ತರದಲ್ಲಿ. ಅಲ್ಲಿ ಕಾರ್ಮಿಕರ ಪಕ್ಷವಾದ ಲೇಬರ್‌ನಿಂದ ನಿಂತವರು 74 ವರ್ಷದ ಷಾರ್ಲೆಟ್ ಡೆಸ್ಪಾರ್ಡ್. ಯುದ್ಧ ವಿರೋಧಿ, ಆದರೆ ಅವರ ಸ್ವಂತ ತಮ್ಮನೇ ಸೇನೆಯ ಫೀಲ್ಡ್ ಮಾರ್ಷಲ್! ಯುದ್ಧ ಗೆದ್ದ ಅಮಲಿನಲ್ಲಿದ್ದ ದೇಶ ಅವರನ್ನು ಸೋಲಿಸಿತು.

ಈಗ ನನಗೆ ಇಷ್ಟವಾದ ಭಾಗ. 1922ರಲ್ಲಿ ಬ್ಯಾಟರ್‌ಸಿ ಉತ್ತರದಿಂದ ಲೇಬರ್ ಬೆಂಬಲದ ಮೇಲೆ ಗೆದ್ದವರು ಶಾಪುರ್ಜಿ ಸಕ್ಲತ್‌ವಾಲಾ. ಮುಂಬೈ ಪಾರ್ಸಿ, ಜೆಮ್‌ಶೆಟ್‌ಜಿ ಟಾಟಾ ಅವರ ಸೋದರಳಿಯ, ಟಾಟಾ ಕಂಪನಿಯ ನೌಕರ, ಜೊತೆಗೆ ಕಮ್ಯುನಿಸ್ಟ್. ಈ ನಾಲ್ಕೂ ಒಬ್ಬರೇ ಹೇಗಾದರು ಅಂತ ಕೇಳಬೇಡಿ, ಆಗಿದ್ದರು. ಅವರ ಚುನಾವಣಾ ಏಜೆಂಟ್ ನಮ್ಮ ಆರ್ಚರ್.

ಲೆಕ್ಕ ಸ್ವಲ್ಪ ನೋಡಿ. 1922ರಲ್ಲಿ ಅವರಿಗೆ 11,311 ಓಟು, ಗೆಲುವಿನ ಅಂತರ 2,021. ಮುಂದಿನ ವರ್ಷವೇ ಮತ್ತೆ ಚುನಾವಣೆ. ಓಟು 12,341ಕ್ಕೆ ಏರಿತು, ಆದರೂ 186 ಓಟಿನಿಂದ ಸೋತರು! ಹಿಂದಿನ ಸಲ ಎದುರಾಳಿ ಹೆನ್ರಿ ಹಾಗ್‌ಬಿನ್ ಪಕ್ಕದಲ್ಲಿ ಇನ್ನೊಬ್ಬ ಲಿಬರಲ್ ನಿಂತು ಓಟು ಒಡೆದಿದ್ದರು, ಈ ಸಲ ನೇರ ಹಣಾಹಣಿ, ಇವರನ್ನು ಬೇಡ ಅಂದವರೆಲ್ಲ ಒಂದೇ ಕಡೆ ಬಿದ್ದರು. 1924ರಲ್ಲಿ ಮೂರನೇ ಚುನಾವಣೆ. ಅಷ್ಟರಲ್ಲಿ ಕಮ್ಯುನಿಸ್ಟರು ತನಗೆ ಬೇಡ ಅಂತ ಲೇಬರ್ ಪಕ್ಷ ತೀರ್ಮಾನಿಸಿತ್ತು. ಮತದಾನಕ್ಕೆ ನಾಲ್ಕು ದಿನ ಇರುವಾಗ ಮಾಸ್ಕೋದಿಂದ ಬಂದದ್ದು ಎನ್ನಲಾದ ಪತ್ರವೊಂದು ಪತ್ರಿಕೆಯಲ್ಲಿ ಬಂದು, ದೇಶದಲ್ಲೆಲ್ಲ ಕಮ್ಯುನಿಸ್ಟ್ ಅಂದರೆ ಭೂತ ಕಂಡಂತೆ ಹೆದರುವ ವಾತಾವರಣ. ಸಕ್ಲತ್‌ವಾಲಾ ಕಮ್ಯುನಿಸ್ಟ್ ಹೆಸರಿನಲ್ಲೇ ನಿಂತು 15,096 ಓಟು ತೆಗೆದರು, 542ರಿಂದ ಗೆದ್ದರು. ಆ ಸಂಸತ್ತಿನಲ್ಲಿ ಅವರೊಬ್ಬರೇ ಕಮ್ಯುನಿಸ್ಟ್. ಬ್ಯಾಟರ್‌ಸಿಯ ಲೇಬರ್ ಕಾರ್ಯಕರ್ತರು ಮೇಲಿನವರ ಮಾತಿಗೆ ಸೊಪ್ಪು ಹಾಕದೆ ಅವರ ಬೆನ್ನಿಗೆ ನಿಂತಿದ್ದರು.

ಆಮೇಲಿನ ಐದು ವರ್ಷ ಸಲೀಸಾಗಿರಲಿಲ್ಲ. 1925ರಲ್ಲಿ ಅಮೆರಿಕ ವೀಸಾ ರದ್ದು ಮಾಡಿತು. 1926ರ ಸಾರ್ವತ್ರಿಕ ಮುಷ್ಕರದ ಹೊತ್ತಿನ ಭಾಷಣಕ್ಕೆ ಎರಡು ತಿಂಗಳು ಜೈಲು. 1927ರಲ್ಲಿ ಭಾರತಕ್ಕೆ ಬಂದು ಗಾಂಧೀಜಿ ಜೊತೆ ಚರಕದ ಬಗ್ಗೆ ವಾದ ಮಾಡಿ ಹೋದರು, ಮತ್ತೆ ಬರಲು ಸರ್ಕಾರ ಬಿಡಲಿಲ್ಲ. 1929ರಲ್ಲಿ ಲೇಬರ್ ಪಕ್ಷ ತನ್ನದೇ ಅಭ್ಯರ್ಥಿ ವಿಲಿಯಂ ಸ್ಯಾಂಡರ್ಸ್ ಅವರನ್ನು ನಿಲ್ಲಿಸಿತು. ಸ್ಯಾಂಡರ್ಸ್ ಏಜೆಂಟ್ ಯಾರು ಗೊತ್ತಾ? ಅದೇ ಆರ್ಚರ್. ಸಕ್ಲತ್‌ವಾಲಾ ಮೂರನೇ ಸ್ಥಾನಕ್ಕೆ ಜಾರಿದರು. ಇದನ್ನು ದ್ರೋಹ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆರ್ಚರ್ ಲೇಬರ್ ಪಕ್ಷದ ಮನುಷ್ಯ, ಪಕ್ಷ ಮತ್ತು ಗೆಳೆಯ ಬೇರೆಬೇರೆ ದಾರಿ ಹಿಡಿದರು, ಅಷ್ಟೆ.

ನಡುವಿನ ಕಾಲವನ್ನು ಬೇಗ ದಾಟೋಣ. 1946ರಿಂದ 1983ರವರೆಗೆ ಉತ್ತರದಲ್ಲಿ ಲೇಬರ್‌ನ ಡಗ್ಲಸ್ ಜೇ, ಅಲುಗಾಡಲೇ ಇಲ್ಲ. 1983ರಲ್ಲಿ ಕ್ಷೇತ್ರ ಮತ್ತೆ ಒಂದಾದಾಗ ಗೆದ್ದವರು ಆಲ್ಫ್ ಡಬ್ಸ್, ನಾಜಿಗಳಿಂದ ತಪ್ಪಿಸಿಕೊಂಡು 6ನೇ ವಯಸ್ಸಿನಲ್ಲಿ ಪ್ರಾಗ್‌ನಿಂದ ಬಂದ ಹುಡುಗ. 1987ರಲ್ಲಿ ಅವರು 857 ಓಟಿನಿಂದ ಕನ್ಸರ್ವೇಟಿವ್ ಪಕ್ಷಕ್ಕೆ ಸೋತರು. ಏನಾಗಿತ್ತು? ಕಾರ್ಖಾನೆಗಳು ಮುಚ್ಚಿದ್ದವು, ವಿದ್ಯುತ್ ಸ್ಥಾವರವೂ ನಿಂತಿತ್ತು. 1978ರಲ್ಲಿ ಕನ್ಸರ್ವೇಟಿವ್ ಕೈಗೆ ಹೋದ, ಬ್ಯಾಟರ್‌ಸಿಯೂ ಸೇರಿರುವ ವಾಂಡ್ಸ್‌ವರ್ತ್ ಕೌನ್ಸಿಲ್ ಬಾಡಿಗೆ ಮನೆಗಳನ್ನು ಮಾರುತ್ತಾ ಬಂದಿತ್ತು. ರೈಲ್ವೆ ಕೂಲಿಯ ಸಾಲುಮನೆಗೆ ಬ್ಯಾಂಕಿನವರು ಬಂದಿದ್ದರು. ಅಲ್ಲಿಂದ 2015ರವರೆಗೆ ದೇಶ ಯಾರನ್ನು ಆರಿಸಿತೋ ಬ್ಯಾಟರ್‌ಸಿಯೂ ಅವರನ್ನೇ ಆರಿಸಿತು. 2005ರಲ್ಲಂತೂ ಲೇಬರ್ ಗೆದ್ದದ್ದು ಬರೀ 163 ಓಟಿನಿಂದ.

ಆ ಸರಪಳಿ 2017ರಲ್ಲಿ ಕಡಿಯಿತು. ಕನ್ಸರ್ವೇಟಿವ್ ಸರ್ಕಾರ ಉಳಿದರೂ ಇಲ್ಲಿ ಲೇಬರ್‌ನ ಮಾರ್ಷಾ ಡಿ ಕಾರ್ಡೋವಾ 2,416 ಓಟಿನಿಂದ ಗೆದ್ದರು. ಕಾರಣ ಬ್ರೆಕ್ಸಿಟ್, ಅಂದರೆ ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ ತೀರ್ಮಾನ. ಒಳ್ಳೇ ಸಂಬಳದ, ಕಡಿಮೆ ವಯಸ್ಸಿನ, ಯುರೋಪಿನ ಜೊತೆ ಕೆಲಸ ಮಾಡುವ ಈ ಜನಕ್ಕೆ ಬ್ರೆಕ್ಸಿಟ್ ನುಂಗಲಾರದ ತುತ್ತಾಗಿತ್ತು. ಬಡವರ ಪಕ್ಷ ಅನ್ನಿಸಿಕೊಂಡದ್ದು ಈಗ ದುಬಾರಿ ಬೀದಿಗಳಲ್ಲೂ ಓಟು ತೆಗೆಯುತ್ತಿದೆ.

ಕೊನೆಗೆ ಒಂದು ಮಾತು, ಮಕ್ಕಳು ಲಂಡನ್ನಿನಲ್ಲಿ ಓದುತ್ತಿರುವವರು ಕೇಳಿಸಿಕೊಳ್ಳಿ. ಸಕ್ಲತ್‌ವಾಲಾ ವೀಸಾ ರದ್ದು ಮಾಡಿದ ಅಮೆರಿಕದ ರಾಯಭಾರ ಕಚೇರಿ 2018ರಿಂದ ಇದೇ ಕ್ಷೇತ್ರದಲ್ಲಿದೆ. ಬ್ರಿಟಿಷ್ ಪೌರತ್ವ ಇಲ್ಲದ ಅಮೆರಿಕನ್ನರಿಗೆ, ಫ್ರಾನ್ಸ್ ಇಟಲಿಯವರಿಗೆ, ಸಂಸತ್ ಚುನಾವಣೆಯಲ್ಲಿ ಓಟಿಲ್ಲ. ಭಾರತೀಯರಿಗೆ ಇದೆ. ಕಾಮನ್‌ವೆಲ್ತ್ ದೇಶದವರಾದ್ದರಿಂದ, ವೀಸಾ ಮೇಲೆ ಅಲ್ಲಿ ವಾಸವಿರುವ ಧಾರವಾಡದ ಹುಡುಗಿಯೂ 18 ತುಂಬಿದ್ದರೆ ಹೆಸರು ನೋಂದಾಯಿಸಿ ಓಟು ಹಾಕಬಹುದು. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.